ತಾಗಿಸಿಕೊಂಡವನೇ ಕೈ ಎತ್ತಬೇಕು

ಅಭಿಪ್ರಾಯಗಳಿರುವ ಮನುಷ್ಯನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ನನ್ನ ಹೆಂಡತಿ ಶಾರದೆ ಎಷ್ಟೋ ವರ್ಷಗಳಿಂದ ಈ ಕಷ್ಟ ಅನುಭವಿಸುತ್ತಿದ್ದಾಳೆ. ಚನ್ನಪಟ್ಟಣದ ಶಾಲೆಯಲ್ಲಿ ಪಾಠ ಹೇಳುವುದು ನನ್ನ ಕಸುಬು, ಊರಿನ ವಾರಪತ್ರಿಕೆಗೆ ಆಟೋಟದ ಅಂಕಣ ಬರೆಯುವುದು ಚಟ. ಹೆಸರಿಗೆ ಕಬಡ್ಡಿಯ ಅಂಕಣ. ಆದರೆ ಎರಡನೇ ಸಾಲಿಗೇ ನಾನು ಅಂಕಣದ ಗೆರೆ ದಾಟಿ, ಊಟದ ನಡುವೆ ಮೊಬೈಲು ಎತ್ತುವವರು, ಆಡುವ ಬಯಲಿಗೆ ಕಲ್ಲು ನೆಟ್ಟು ಸೈಟು ಮಾರುವವರು, ಮದುವೆಮನೆಯ ಪ್ಲಾಸ್ಟಿಕ್ ಲೋಟ, ಎಲ್ಲರನ್ನೂ ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿದ್ದೆ. ಅದರಲ್ಲೂ ಒಂದು ಮಾತನ್ನು ಬಿಡದೆ ಬರೆದೆ: ನಮ್ಮ ಕಡೆ ಕಬಡ್ಡಿಯಲ್ಲಿ ಮೈಗೆ ತಾಗಿದರೆ ತಾಗಿಸಿಕೊಂಡವನೇ ಕೈ ಎತ್ತಿ ಹೊರಗೆ ನಡೆಯುತ್ತಾನೆ, ರೆಫ್ರಿಯ ಸೀಟಿಗೆ ಕಾಯುವುದಿಲ್ಲ, ಈ ಮರ್ಯಾದೆ ಹೋದ ದಿನ ಆಟವೂ ಹೋಯಿತು.

ಅಕ್ಕೂರಿನ ಮಂಜ ಇದನ್ನು ಓದುತ್ತಿದ್ದನಂತೆ. ನನ್ನ ಹಳೆಯ ವಿದ್ಯಾರ್ಥಿ, ಒಳ್ಳೆಯ ಆಟಗಾರ. ಹೆದ್ದಾರಿ ಬದಿಯಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯವರು ತಮ್ಮ ತಂಡಕ್ಕೆ ಹುಡುಗರನ್ನು ಹುಡುಕುತ್ತಿದ್ದರು. ಪಂದ್ಯಾವಳಿ ಗೆದ್ದು ಬಾ, ಕೆಲಸ ಖಾಯಂ ಎಂದಿದ್ದರು. ಫೈನಲ್ಲಿನ ಕೊನೆಯ ಗಳಿಗೆ, ಸಮ ಅಂಕ. ದಾಳಿಗೆ ಬಂದ ಎದುರಾಳಿಯ ಬೆರಳು ಮಂಜನ ಚಡ್ಡಿಯ ಅಂಚನ್ನು ಸವರಿತು. ಧೂಳಿನಲ್ಲಿ ರೆಫ್ರಿಗೂ ಕಾಣಲಿಲ್ಲ, ಸವರಿದವನಿಗೂ ಗೊತ್ತಾಗಲಿಲ್ಲ. ಮಂಜ ಕೈ ಎತ್ತಿ ಹೊರಗೆ ನಡೆದ. ತಂಡ ಸೋತಿತು, ಕೆಲಸವೂ ಹೋಯಿತು.

ಮರುದಿನ ಬೆಳಿಗ್ಗೆ ಅವನ ತಾಯಿ ಜಯಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿದ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದಳು. "ಯಾರೂ ನೋಡ್ನಿಲ್ವಂತೆ ಮೇಷ್ಟ್ರೇ! ಯಾಕ್ಲಾ ಕೈ ಎತ್ದೆ ಅಂದ್ರೆ ನಿಮ್ ಪೇಪರ್ ತೋರುಸ್ತಾನೆ. ನಿಮಗೇನು, ಬರ್ದು ಮನೀಕಬುಟ್ರಿ!"

ಶಾರದೆ ಕಾಫಿ ತಂದವಳು, "ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಹೋಗಿ ಆ ಹುಡುಗನ ಕೆಲಸಕ್ಕೂ ಒಂದು ಮಾತು ಹೇಳಿ ನೋಡೋಣ" ಎಂದಳು.

ಮಂಜನನ್ನು ಕರೆದುಕೊಂಡು ಕಾರ್ಖಾನೆಗೆ ಹೋದೆ. ಹುಡುಗರನ್ನು ಆರಿಸುವ ಅಧಿಕಾರಿ ನಗುತ್ತಲೇ ಕೂರಿಸಿದರು. "ನಮಗೆ ಗೆಲ್ಲೋರು ಬೇಕು ಮೇಷ್ಟ್ರೇ. ನಾಳೆ ಮಷೀನು ಕೆಟ್ರೂ ಇವನು ನಂದೇ ತಪ್ಪು ಅಂತ ಕೈ ಎತ್ತಿಬಿಟ್ರೆ ನಾನೇನು ಮಾಡ್ಲಿ?"

ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಜಯಮ್ಮ ಇನ್ನೂ ಕಣ್ಣಮುಂದೆ ಇದ್ದಳು. ನನ್ನ ಬಾಯಿ ತಾನಾಗಿ ತೆರೆಯಿತು. "ಅದು ಔಟ್ ಅಂತ ಎತ್ತಿದ ಕೈ ಅಲ್ಲ ಸಾರ್. ಭುಜ ಹಿಡ್ಕೊಂಡಿತ್ತು, ನೋವಿಗೆ ಎತ್ತಿದ್ದು." ಇಷ್ಟು ಸರಾಗವಾಗಿ ಅಂಕಣದ ಒಂದು ವಾಕ್ಯವೂ ನನಗೆ ಹೊಳೆದದ್ದಿಲ್ಲ.

"ಹೌದಾ?" ಅವರ ಮುಖ ಸಡಿಲವಾಯಿತು. "ಹಂಗಿದ್ರೆ ಇನ್ನೊಂದು ಚಾನ್ಸ್ ಕೊಡೋಣ. ಭುಜ ನೋವಿತ್ತೇನಪ್ಪಾ?"

ಮಂಜ ನನ್ನನ್ನೊಮ್ಮೆ ನೋಡಿದ. "ಇಲ್ಲ ಸಾ. ತಾಗಿತ್ತು."

ಅಲ್ಲಿಗೆ ಮುಗಿಯಿತು. ವಾಪಸು ಬಸ್ಸಿನಲ್ಲಿ ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳೂ, ತೋಟಗಳನ್ನು ನುಂಗಿದ ಕಾಂಪೌಂಡುಗಳೂ ಸರಿಯುತ್ತಿದ್ದವು. ನನಗೆ ಯಾವುದರ ಮೇಲೂ ಅಭಿಪ್ರಾಯ ಹುಟ್ಟಲಿಲ್ಲ. ಅಕ್ಕೂರು ಹತ್ತಿರವಾದಾಗ, "ನಡಿಯಪ್ಪ, ನಿಮ್ಮವ್ವನ ಹತ್ರ ನಾನು ಮಾತಾಡ್ತೀನಿ" ಎಂದೆ.

"ಬ್ಯಾಡಿ ಸಾ, ನೀವು ಬರಬ್ಯಾಡಿ," ಎಂದ ಮಂಜ, ಬಹಳ ಮರ್ಯಾದೆಯಿಂದ. "ನಾನೇ ಏಳ್ತೀನಿ. ಅವ್ವ ಅಳೋದ ನೋಡಿ ನೀವು ಅಲ್ಲೂ ಏನಾರ ಬೇರೆ ಏಳ್ಬುಟ್ಟೀರಿ."

ಅವನು ಇಳಿದ. ನಾನು ಕೂತೇ ಇದ್ದೆ. ಜಯಮ್ಮನಿಗೆ ಮುಖ ತೋರಿಸುವುದು ತಪ್ಪಿತಲ್ಲ ಎಂದು, ನಿಜ ಹೇಳಬೇಕೆಂದರೆ, ಹಾಯೆನಿಸಿತು.