ನಮಗಿಲ್ಲದ ಇಂಟಿ ಪೇರು

ಹೆಂಡತಿಯ ವಯಸ್ಸನ್ನು ಗಂಡನ ಬಾಯಿಂದ ಕೇಳಿ ಬರೆದುಕೊಳ್ಳುವ ಸರ್ಕಾರಕ್ಕೆ ಸಂಸಾರದ ಅನುಭವ ಕಡಿಮೆ ಎಂದೇ ನನ್ನ ಅಭಿಪ್ರಾಯ. (ಇದನ್ನು ಮನೆಯ ಹೊರಗೆ ಕೂತು ಬರೆಯುತ್ತಿದ್ದೇನೆ.) ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವವನು ಬಂದಾಗ ನಾನು ಮಿಷಿನ್ ಮುಂದೆ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ. ಒಳಗಿನಿಂದ ನನ್ನ ಧರ್ಮಪತ್ನಿ ವಿಜಯಲಕ್ಷ್ಮಿ ಯಾವುದೋ ಕಾರಣಕ್ಕೆ ನನ್ನನ್ನು ಬೈಯುತ್ತಿದ್ದಳು. ಆ ದನಿಯ ಗತ್ತು ಕೇಳಿ, ನನಗಿಂತ ಚಿಕ್ಕವಳಿಂದ ಇಷ್ಟು ಬೈಯಲು ಸಾಧ್ಯವೇ ಇಲ್ಲ ಅನಿಸಿತು. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿಬಿಟ್ಟೆ. ಅವನು ಬರೆದುಕೊಂಡು ಹೋದ.

ಮೂರು ವರ್ಷ ಯಾರೂ ಅದನ್ನು ಓದಲಿಲ್ಲ. ಅಕ್ಕಿ, ಸೀಮೆಎಣ್ಣೆ ಕೊಡುವವರು ವಯಸ್ಸು ಕೇಳುವುದಿಲ್ಲವಲ್ಲ. ಆದರೆ ಈ ಸಲ ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗದ ಹೊರವಲಯದಲ್ಲಿ ದೊಡ್ಡದೊಂದು ಗಾರ್ಮೆಂಟ್ಸ್ ಶೆಡ್ ಎದ್ದಿತು. ಹೊಲಿಗೆ ಬಲ್ಲ ಹೆಂಗಸರು ಬೇಕು, ವಯಸ್ಸು ಮೂವತ್ತೈದು ದಾಟಿರಬಾರದು, ಶುಕ್ರವಾರವೇ ಕಡೇ ದಿನ ಎಂದು ಗೋಡೆಗೆಲ್ಲ ಕಾಗದ ಅಂಟಿಸಿದರು. ಸೋಮವಾರ ಬೆಳಿಗ್ಗೆ ವಿಜಯಲಕ್ಷ್ಮಿ ರೇಷನ್ ಕಾರ್ಡ್ ಹಿಡಿದು ನನ್ನ ಮುಂದೆ ನಿಂತಳು.

“ಏನ್ರಿ, ನನಗ ವಯಸ್ಸು ಎಷ್ಟು?”

“ಇಪ್ಪತ್ತೈದಿದ್ದಂಗ ಕಾಣ್ತಿ.”

“ಕಾಣೋದು ಬ್ಯಾಡ್ರಿ. ಕಾರ್ಡಿನ್ಯಾಗ ನೋಡ್ರಿ. ನಲವತ್ತೊಂದು! ನಿಮಗ ಮೂವತ್ತೊಂಬತ್ತು! ಈ ಲೆಕ್ಕದಾಗ ನಾನು ನಿಮಗ ಅಕ್ಕ ಆಗಬೇಕ್ರಿ!”

“ಬೈಯೋದ್ರಾಗ ಅಕ್ಕನ ಅಲ್ಲೇನು?” ಎಂದೆ. ಆ ಮಾತು ಆಡಬಾರದಿತ್ತು.

ಅರ್ಧ ಗಂಟೆಯ ನಂತರ ಅವಳ ದನಿ ಇದ್ದಕ್ಕಿದ್ದಂತೆ ತಗ್ಗಿತು. “ನೀವು ಹೊಲಿಯೋ ಪ್ಯಾಂಟಿಗೆ ಹದಿನೈದು ವರ್ಷದಿಂದ ಜಿಪ್ ಕೂಡಸಾಕಿ ನಾನು. ಬಳ್ಳಾರಿತನಕ ಹೆಸರು ಮಾತ್ರ ನಿಮ್ದು, ಸಿದ್ದರಾಮೇಶಂದು. ನನ್ನ ಹೆಸರು, ನನ್ನ ಫೋಟೊ ಇರೋ ಕಾರ್ಡು ಒಂದು ಕೊಳ್ಳಾಗ ಹಾಕ್ಕೊಂಡು ಕೆಲಸಕ್ಕ ಹೋಗಬೇಕು ಅಂತ ಆಸಿ ಐತ್ರಿ ನನಗ. ವಯಸ್ಸು ಏರಿಸಿದೋರು ನೀವು. ಇಳಿಸ್ಕೊಂಡು ಬರೋರೂ ನೀವ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಮೆತ್ತಗೆ ಹೇಳಿದಳು ನೋಡಿ, ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆಯ ಬೆನ್ನಿಗೇ ಒಂದು ಮಹಾ ಉಪಾಯ ಹೊಳೆಯಿತು. ಮಾಹಿತಿ ಹಕ್ಕು! ವಿಜಯಲಕ್ಷ್ಮಿ ಹುಟ್ಟಿದ್ದು ಡಿ. ಹಿರೇಹಾಳಿನಲ್ಲಿ. ಅಲ್ಲಿಯ ಮಂಡಲ ಕಚೇರಿಯಲ್ಲಿ ಹಳೆಯ ಜನನದ ಪುಸ್ತಕಗಳಿವೆ. ಐದು ರೂಪಾಯಿ ಕಟ್ಟಿ ಒಂದು ಅರ್ಜಿ ಬಿಸಾಕಿದರೆ ಸರ್ಕಾರ ತನ್ನ ಟ್ರಂಕು ತೆಗೆದು ತೋರಿಸಲೇಬೇಕು. “ಪ್ರಜಾಪ್ರಭುತ್ವದ ಪರಮಾಧಿಕಾರಿಯಾದ ಪ್ರಜೆಯಾದ ನಾನು” ಎಂದು ಶುರುಮಾಡಿ ಒಂದೂವರೆ ಪುಟದ ಅರ್ಜಿ ಬರೆದೆ. ಓದಿ ಕೇಳಿಸಿದಾಗ ವಿಜಯಲಕ್ಷ್ಮಿ, “ಇದರಾಗ ನನ್ನ ಹೆಸರು ಎಲ್ಲೈತ್ರಿ?” ಎಂದಳು. ಅದನ್ನು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದೆ.

ಹಿರೇಹಾಳಿನ ಕಚೇರಿಯಲ್ಲಿ ಹಳೇ ದಾಖಲೆಗಳನ್ನು ನೋಡಿಕೊಳ್ಳುವವರು ಯರ್ರಪ್ಪ ಎಂಬ ಹಿರಿಯರು. ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ದೂಳು. ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟು, ಎದೆ ಉಬ್ಬಿಸಿ ನಿಂತೆ. ಅವರು ಪೂರ್ತಿ ಓದಿದರು. ಓದಿ ತಲೆಯೆತ್ತಿದರು.

“ಶಾನ ಚೆನ್ನಾಗಿ ಬರದೀರಿ. ಆದ್ರ ಈ ಕಾನೂನಿನ್ಯಾಗ ನಮಗ ಮೂವತ್ತು ದಿನ ಟೈಮ್ ಐತಿ, ಗೊತ್ತೈತೇನ್ರಿ?”

ಗೊತ್ತಿರಲಿಲ್ಲ. ಪರಮಾಧಿಕಾರಿಯ ಎದೆಯಿಂದ ಗಾಳಿ ಹೋಯಿತು. ಶುಕ್ರವಾರ, ಹೆಂಡತಿ, ಕಾರ್ಡು ಎಲ್ಲವನ್ನೂ ಒದರಿದೆ. ಯರ್ರಪ್ಪನವರು ನಕ್ಕರು.

“ಹಿಂಗ ಬಾಯಿಲೆ ಹೇಳೋದು ಬಿಟ್ಟು ಅರ್ಜಿ ಯಾಕ್ರಿ? ಒಳಗಿಟ್ಕೊಳ್ರಿ ಅದನ್ನ. ಇವತ್ತ ಹುಡುಕಿ ಕೊಡ್ತೀನಿ. ಹೆಣ್ಮಗಳ ತಂದಿ ಹೆಸರು ಹೇಳ್ರಿ.”

“ರೇವಣಸಿದ್ದಯ್ಯ.”

“ಇಂಟಿ ಪೇರು ಏಮಿ?”

“ಅದು ನಮಗಿಲ್ರಿ” ಎಂದೆ. ತೆಲುಗಿನವರ ಹೆಸರಿನ ಮುಂದೆ ಅವರ ಮನೆತನದ ಹೆಸರೊಂದು ಇದ್ದೇ ಇರುತ್ತದೆ. ಅದಕ್ಕೆ ಇಂಟಿ ಪೇರು ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ‘ಮನೆಯ ಹೆಸರು’ ಎಂದಾಗುತ್ತದೆ. ನಮ್ಮ ಮಾವನವರ ಕಡೆಯಾಗಲಿ ನಮ್ಮ ಕಡೆಯಾಗಲಿ ಅಂಥದ್ದೇನೂ ಇಲ್ಲ. ಬರೀ ಹೆಸರು, ಬರೀ ಮನುಷ್ಯ.

“ಇಲ್ಲ ಅಂದ್ರ ಹೆಂಗ್ರಿ? ಹಳೇ ಪುಸ್ತಕ ಎಲ್ಲಾ ಇಂಟಿ ಪೇರಿನ ಮೊದಲ ಅಕ್ಷರದ ಮ್ಯಾಲೆ ಜೋಡಿಸ್ಯಾರ. ಈ ಊರಾಗ ರೇವಣಸಿದ್ದಯ್ಯ ಅಂತ ಕೂಗಿದ್ರ ಅರ್ಧ ಊರು ತಿರುಗಿ ನೋಡ್ತೈತಿ.”

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. “ವಿಜಯಾ, ನಿಮ್ಮಪ್ಪನ ಇಂಟಿ ಪೇರೇನು?”

“ಮದಿವಿಯಾಗಿ ಹದಿನೈದು ವರ್ಷ ಆದ ಮ್ಯಾಲೆ ಮನೆತನ ವಿಚಾರಸ್ತೀರೇನ್ರಿ? ಈಗೇನು ಬಿಟ್ಟು ಹೋಗೋ ಯೋಚನಿ ಐತೇನು?”

ಫೋನ್ ಇಟ್ಟೆ. ಉಳಿದಿದ್ದು ಒಂದೇ ದಾರಿ. ಎರಡು ಓಣಿ ಆಚೆ ಅತ್ತೆ ಬಸಲಿಂಗಮ್ಮನವರ ಮನೆ. ಮಾವ ತೀರಿಕೊಂಡು ಆರು ವರ್ಷವಾಗಿದೆ. ಅತ್ತೆಯ ನೆನಪಿನ ಶಕ್ತಿಗೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ. (ನನ್ನ ಮದುವೆಯಲ್ಲಿ ನಾನು ಎಷ್ಟು ಹೋಳಿಗೆ ತಿಂದೆ ಎಂಬುದು ಅವರಿಗೆ ಈಗಲೂ ಬಾಯಿಪಾಠ.) ಚಹಾ ಕೊಟ್ಟು, ನನ್ನ ಕಷ್ಟವನ್ನೆಲ್ಲ ಕೇಳಿ, ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗಲು ಶುರುಮಾಡಿದರು.

“ಅಳಿಯಂದ್ರ, ವಿಜಿ ಹುಟ್ಟಿದಾಗ ಬರಕೊಳ್ಳಾಕ ಬಂದ ಗುಮಾಸ್ತ ಹೊಸಬಾ. ಬರೇ ತೆಲುಗು. ನಿಮ್ಮ ಮಾವಗ ಅವಾಗ ತೆಲುಗು ಅಷ್ಟಕ್ಕಷ್ಟ. ಅವ ಇಂಟಿ ಪೇರು ಏಮಿ, ಇಂಟಿ ಪೇರು ಏಮಿ ಅಂತಾನ. ಇವ್ರು ‘ಇಂಟಿ’ ಅಂದ್ರ ಮನಿ ಅಂತ ಒಂದ ಹಿಡಕೊಂಡ್ರು. ಮನಿ ಟ್ಯಾಕ್ಸ್ ಹಾಕಾಕ ಬಂದಾನ ಅಂತ ಹೆದರಿ, ‘ನಮ್ದಲ್ರಿ ಸಾಹೇಬ್ರ, ಬಾಡಿಗಿ, ಬಾಡಿಗಿ’ ಅಂದ್ರು. ಅವ ‘ಓಹೋ’ ಅಂದು ಏನೋ ಬರಕೊಂಡ. ಟ್ಯಾಕ್ಸ್ ತಪ್ತು ಅಂತ ಅವತ್ತು ನಮ್ಮ ಮನ್ಯಾಗ ಪಾಯಸ!”

ನಾನು ಚಹಾ ಅರ್ಧಕ್ಕೇ ಬಿಟ್ಟು ಓಡಿದೆ. “ಯರ್ರಪ್ಪನವರೇ, ‘ಬಾ’ ತೆಗೀರಿ, ‘ಬಾ’!”

ಎಪ್ಪತ್ತೈದನೇ ಇಸವಿಯ ಪುಸ್ತಕದ ಹಾಳೆಗಳು ಅಪ್ಪಳದಂತೆ ಮುರಿಯುತ್ತಿದ್ದವು. ಯರ್ರಪ್ಪನವರು ಉಸಿರು ಬಿಗಿಹಿಡಿದು ಒಂದೊಂದೇ ಹಾಳೆ ತಿರುವಿದರು. ನಾನೂ ಉಸಿರು ಬಿಗಿಹಿಡಿದೆ. ಅವರ ಬೆರಳು ನಿಂತಿತು. ತೆಲುಗಿನ ಗುಂಡು ಗುಂಡು ಅಕ್ಷರದಲ್ಲಿ ಸ್ಪಷ್ಟವಾಗಿತ್ತು: ತಂದೆ, ಬಾಡಿಗಿ ರೇವಣಸಿದ್ದಯ್ಯ. ತಾಯಿ, ಬಸಲಿಂಗಮ್ಮ. ಹೆಣ್ಣು ಕೂಸು, ವಿಜಯಲಕ್ಷ್ಮಿ. ಮಾರ್ಚ್ ತಿಂಗಳು. ಮೂವತ್ತನಾಲ್ಕು ವರ್ಷ, ಮೇಲೆ ಐದು ತಿಂಗಳು!

ಹೆಂಡತಿ ಏಳು ವರ್ಷ ಚಿಕ್ಕವಳಾದಾಗ ಆಗುವ ಆನಂದವನ್ನು ಹೇಗೆ ವರ್ಣಿಸಲಿ? ಯರ್ರಪ್ಪನವರನ್ನು ತಬ್ಬಿಕೊಂಡೆ. ದೂಳಿಗೆ ಇಬ್ಬರೂ ಸೀನಿದೆವು. ಮುದ್ರೆ ಒತ್ತಿದ ಪತ್ರ ಹಿಡಿದು ಬಸ್ಸಿನಲ್ಲಿ ನಿಂತೇ ಬಂದೆ, ಮಡಿಸಿದರೆ ಸುಕ್ಕಾಗುತ್ತದಲ್ಲ ಎಂದು.

ವಿಜಯಲಕ್ಷ್ಮಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿತು. ನಾನಾದರೂ ಅಲ್ಲಿಗೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳ ತವರನ್ನು ಆಡಿಕೊಳ್ಳಲು ಸರ್ಕಾರಿ ಮುದ್ರೆಯುಳ್ಳ ಆಧಾರ ಸಿಕ್ಕಿತ್ತು.

“ಬಾಡಿಗಿ ವಿಜಯಲಕ್ಷ್ಮಿಯವರ, ಊಟಕ್ಕೇನೈತ್ರಿ?” “ಬಾಡಿಗಿ ಮನೆತನದವ್ರು ಸ್ವಂತ ಸಾರು ಮಾಡ್ತೀರೋ, ಅದೂ ಬಾಡಿಗಿಗೆ ತರಸ್ತೀರೋ?” ನಾಲ್ಕು ದಿನ ಹೀಗೇ ನಡೆಯಿತು. ಓಣಿಯವರಿಗೆಲ್ಲ ಕತೆ ಹೇಳಿ ನಗಿಸಿದೆ. ಅವಳು ಫ್ಯಾಕ್ಟರಿಯ ಫಾರಂ ನನ್ನ ಕೈಯಲ್ಲೇ ತುಂಬಿಸಿಕೊಂಡು ಹೋಗಿ ಕೊಟ್ಟು ಬಂದಳು. ಆ ಫಾರಮ್ಮಿಗೆ ನಾನು ಹೆದರಬೇಕಿತ್ತು.

ಕೆಲಸ ಸಿಕ್ಕಿತು. ಮುಂದಿನ ಸೋಮವಾರ ಸಂಜೆ ಕೊರಳಿನಲ್ಲಿ ನೀಲಿ ದಾರದ ಕಾರ್ಡು ಹಾಕಿಕೊಂಡು ಬಂದಳು. ಫೋಟೊದಲ್ಲಿ ಇಪ್ಪತ್ತೈದರವಳ ಹಾಗೆಯೇ ಕಾಣುತ್ತಿದ್ದಳು, ಸುಳ್ಳಲ್ಲ. “ಓದ್ರಿ, ಜೋರಾಗಿ ಓದ್ರಿ” ಎಂದಳು. ಓದಿದೆ.

“ಬಾಡಿಗಿ ವಿಜಯಲಕ್ಷ್ಮಿ. ಗಂಡ, ಬಾಡಿಗಿ ಸಿದ್ದರಾಮೇಶ್.”

ಬೆಳಗಾಗುತ್ತಲೇ ಫ್ಯಾಕ್ಟರಿಯ ಆಫೀಸಿಗೆ ಓಡಿದೆ. ಕಂಪ್ಯೂಟರ್ ಮುಂದೆ ಸೌಮ್ಯ ಎಂಬ ಹುಡುಗಿ ಕೂತಿದ್ದಳು.

“ಫಾರಂನ್ಯಾಗ ಗಂಡನ ಇಂಟಿ ಪೇರು ನೀವು ಖಾಲಿ ಬಿಟ್ಟಿದ್ರಿ ಸಾರ್. ಕಂಪ್ಯೂಟರ್ ಖಾಲಿ ಬಿಡಾಕ ಒಪ್ಪಂಗಿಲ್ಲ. ಗಂಡ ಹೆಂಡ್ತಿಗೆ ಇಂಟಿ ಪೇರು ಒಂದ ಅಲ್ರಿ? ಅದಕ್ಕ ಹಾಕೀನಿ. ಬದಲಿ ಮಾಡಬೇಕಂದ್ರ ನಿಮ್ಮ ಜನನ ಪತ್ರ ತರ್ರಿ.”

“ತರ್ತೀನಿ! ನಾಳೇನೇ ತರ್ತೀನಿ!” ಎಂದು ಗುಡುಗಿ ಮನೆಗೆ ಬಂದು, ಮತ್ತೆ ‘ಪರಮಾಧಿಕಾರಿ’ಯ ಅರ್ಜಿ ಹುಡುಕಲು ಕೂತೆ. ಸಂಜೆ ಕೆಲಸದಿಂದ ಬಂದ ವಿಜಯಲಕ್ಷ್ಮಿ ಬಾಗಿಲಿಗೆ ಒರಗಿ ನಿಂತು ಬಹಳ ಮುಗ್ಧಳಾಗಿ ಕೇಳಿದಳು.

“ನೀವು ಹುಟ್ಟಿದಾಗ ನಿಮ್ಮಪ್ಪಾರು ಯಾರ ಮನ್ಯಾಗಿದ್ರು?”

ನನ್ನ ಕೈ ನಿಂತಿತು. ನಮ್ಮಪ್ಪ ಒಂಬತ್ತು ವರ್ಷ ಮನೆಯಳಿಯನಾಗಿ ಇದ್ದವರು. ಯಾರಾದರೂ ಮನೆ ಯಾರದು ಎಂದರೆ “ನಂದಲ್ರಿ, ಮಾವಂದು” ಎಂದು ಕೈಮುಗಿಯುತ್ತಿದ್ದ ಪ್ರಾಮಾಣಿಕರು. ಆ ಗುಮಾಸ್ತನೇನಾದರೂ ನಮ್ಮ ಊರಿಗೂ ಬಂದಿದ್ದರೆ? ಮಾವಂದು ಸಿದ್ದರಾಮೇಶ್! ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಮಿಷಿನ್ ಕಾಲಿನ ಕೆಳಗೆ ಇಟ್ಟೆ. ಮಿಷಿನ್ ಅಲ್ಲಾಡುವುದಾದರೂ ನಿಂತಿತು.

ಈಗ ಅಡುಗೆ ನನ್ನದು, ಮಧ್ಯಾಹ್ನ ಅವಳಿಗೆ ಬುತ್ತಿ ಒಯ್ಯುವುದೂ ನನ್ನದು. ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಬೋರಪ್ಪ ನನ್ನನ್ನು ಕಂಡ ಕೂಡಲೇ ಒಳಗೆ ಮುಖಮಾಡಿ, ಇನ್ನೂರು ಮಿಷಿನ್ನುಗಳ ಸದ್ದನ್ನೂ ಮೀರಿ ಕೂಗುತ್ತಾನೆ: “ವಿಜಯಕ್ಕಾ, ಬಾಡಿಗಿ ಬಂತು!” ಹೆಂಗಸರೆಲ್ಲ ಕಿಟಕಿಗೆ ಬರುತ್ತಾರೆ. ನನ್ನವಳು ಕೊರಳಿನ ಕಾರ್ಡು ಕುಣಿಸುತ್ತ ಬರುತ್ತಾಳೆ. ಆ ನಡಿಗೆ ನೋಡುವುದಕ್ಕೇ ನಾನು ದಿನಾ ಒಂದು ಗಳಿಗೆ ಮುಂಚೆ ಹೋಗುತ್ತೇನೆ ಎಂಬುದನ್ನು ಅವಳಿಗೆ ಹೇಳಿಲ್ಲ.

ನಿನ್ನೆ ಮಾತ್ರ ಸಾರು ಕುದಿಯುವುದು ತಡವಾಯಿತು. ಅವಳು ಡಬ್ಬಿ ತೆಗೆದುಕೊಂಡು, ಗೋಡೆಯ ಗಡಿಯಾರ ನೋಡಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

“ಬಾಡಿಗಿ ಹತ್ತು ನಿಮಿಷ ತಡ ಆತ್ರಿ. ಇನ್ನೊಂದ್ಸಲ ಹಿಂಗಾದ್ರ ಮನಿ ಖಾಲಿ ಮಾಡಸ್ತೀನಿ ನೋಡ್ರಿ!”