ಎತ್ತರದಿಂದ ಹುಯ್ದ ನೀರು

ಕಡೂರಿನ ಕಾಲೇಜೊಂದರ ಕೆಮಿಸ್ಟ್ರಿ ಲೆಕ್ಚರರ್ ಪ್ರಕಾಶ, ಬೆಳಗಿನ ಕಾಫಿ ಕುಡಿಯುತ್ತ ಹೆಂಡತಿಯ ಮುಂದೆ ಭೀಷ್ಮನೂ ನಾಚುವಂಥ ಪ್ರತಿಜ್ಞೆ ಮಾಡಿದ.

“ನೋಡ್ತಿರು! ಈ ರಜೆ ಮುಗಿಯೋದ್ರೊಳಗೆ ಓಂಕಾರೇಶನ ಕೈಯಿಂದ ನಮ್ಮವ್ವನ ಅಂಗೈಗೆ ನೀರು ಹುಯ್ಯಿಸ್ತೀನಿ. ತಲೆ ಬಗ್ಗಿಸಿ ಆಶೀರ್ವಾದ ತಗೊಳ್ಳೋ ಹಂಗೆ ಮಾಡ್ತೀನಿ. ಇಲ್ದಿದ್ರೆ ನಾನು ಎಂಎಸ್ಸಿ ಓದಿದ್ದೇ ದಂಡ!”

ಸಂಘಮಿತ್ರಾ ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಹಂಗಾದ್ರೆ ಇದು ತಲೆ ಒಳಗಿಂದು.”

ಓಂಕಾರೇಶ ಅದೇ ಕಾಲೇಜಿನ ಹಿಸ್ಟರಿ ಲೆಕ್ಚರರ್. ಬುಕ್ಕಾಂಬುಧಿ ಕಡೆಯ ಪಟೇಲರ ಮನೆತನ. ಒಳ್ಳೆಯವನೇ. ಸ್ಟಾಫ್ ರೂಮಿನಲ್ಲಿ ಪ್ರಕಾಶನ ಹೆಗಲ ಮೇಲೆ ಕೈ ಹಾಕುತ್ತಾನೆ. ಸಮಾನತೆಯ ಪಾಠವನ್ನು ಮಕ್ಕಳ ಕಣ್ಣಲ್ಲಿ ನೀರು ಬರುವಂತೆ ಮಾಡುತ್ತಾನೆ. ಆದರೆ ಅವನ ಹೊಟ್ಟೆಯೊಂದು ವಿಚಿತ್ರ! ಪ್ರಕಾಶನ ಮನೆಯ ಹೊಸ್ತಿಲು ದಾಟಿದ ಕೂಡಲೇ ಅದು ಕೆಡುತ್ತದೆ. ಗೃಹಪ್ರವೇಶದ ದಿನ “ಗ್ಯಾಸ್ಟ್ರಿಕ್ ಕಣಯ್ಯಾ” ಎಂದು ಒಂದು ಬಾಳೆಹಣ್ಣು ಮಾತ್ರ ಸುಲಿದು ತಿಂದ. ಆಮೇಲೆ ಬಂದಾಗಲೂ ಬಾಳೆಹಣ್ಣೇ. ಮನೆಯ ಕಾಫಿ ಬೇಡ, ನೀರೂ ಬೇಡ. ಗೇಟು ದಾಟಿ ಹೋಟೆಲಿಗೆ ಹೋದರೆ ಅದೇ ಹೊಟ್ಟೆ ಮೆಣಸಿನಕಾಯಿ ಬೋಂಡವನ್ನು ಸಲೀಸಾಗಿ ಅರಗಿಸುತ್ತದೆ!

“ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದ್ರೆ ನೀರು. ಅದ್ರಲ್ಲಿ ಜಾತಿ ಎಲ್ಲಿ ಬಂತು?” ಎಂದು ಪ್ರಕಾಶ ಗೋಡೆಗೆ ಎಷ್ಟೋ ಸಲ ಪಾಠ ಮಾಡಿದ್ದ. ಗೋಡೆಗೆ ಅರ್ಥವಾಗಿತ್ತು. ಓಂಕಾರೇಶನಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು: ಪ್ರಕಾಶ, ಹೆಂಡತಿ, ಅವ್ವ ಮೂವರೂ ಸೇರಿದ್ದ ತರೀಕೆರೆಯ ಬೌದ್ಧ ಬಳಗ ಏಪ್ರಿಲ್ ತಿಂಗಳಲ್ಲಿ ಥಾಯ್ಲೆಂಡ್ ಪ್ರವಾಸ ಹೊರಟಿತ್ತು. ಆಗ ಅಲ್ಲಿ ಹೊಸ ವರ್ಷದ ಸೊಂಗ್‌ಕ್ರಾನ್ ಹಬ್ಬ. ಬುದ್ಧನ ಮೂರ್ತಿಗೆ ನೀರೆರೆಯುತ್ತಾರೆ. ಚಿಕ್ಕವರು ಹಿರಿಯರ ಅಂಗೈಗೆ ಪರಿಮಳದ ನೀರು ಹಾಕಿ, ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳಿ, ಆಶೀರ್ವಾದ ಪಡೆಯುತ್ತಾರೆ. ಆಮೇಲೆ ಬೀದಿಗಿಳಿದು ಸಿಕ್ಕವರ ಮೇಲೆಲ್ಲ ನೀರೋ ನೀರು! ಬಳಗದಲ್ಲಿ ಎರಡು ಸೀಟು ಉಳಿದಿದ್ದವು. ಓಂಕಾರೇಶನನ್ನೂ ಅವನ ಹೆಂಡತಿ ಪಂಕಜಾಕ್ಷಿಯನ್ನೂ ಪ್ರಕಾಶ ದುಂಬಾಲುಬಿದ್ದು ಒಪ್ಪಿಸಿದ.

“ನಮ್ಮನೆ ಕಾಫಿ ಕುಡೀದೋರಿಗೆ ಸಮುದ್ರ ದಾಟಿಸ್ಬೇಕಾ?” ಎಂದಳು ಸಂಘಮಿತ್ರಾ.

“ಸಮುದ್ರ ದಾಟಿದ್ರೆ ಜಾತಿ ಹೋಗುತ್ತಂತೆ ಕಣೇ. ಹಳೇ ಕಾಲದೋರೇ ಹೇಳಿದ್ದಾರೆ!”

“ಅದು ಹಡಗಲ್ಲಿ ಹೋದ್ರೆ. ವಿಮಾನದಲ್ಲಿ ಹೋದ್ರೆ ಅದೂ ಟಿಕೆಟ್ ತಗೊಂಡು ಪಕ್ಕದಲ್ಲೇ ಕೂತ್ಕೊಂಡು ಬರುತ್ತೆ.”

ಚಿಯಾಂಗ್ ಮಾಯ್ ಊರಿನ ಬೀದಿಗೆ ಇವರು ಕಾಲಿಟ್ಟದ್ದೇ ತಡ, ಆಕಾಶ ಹರಿದಂತಾಯಿತು. ಬಕೆಟ್ಟು, ಪೈಪು, ಆಟಿಕೆ ಬಂದೂಕು! ಪ್ರಕಾಶನ ಇಸ್ತ್ರಿ ಅಂಗಿ ನೆಲ ಒರೆಸುವ ಬಟ್ಟೆಯಾಯಿತು. ಅವನ ತಾಯಿ ಉಚ್ಚಂಗಮ್ಮ ಹಿರೇನಲ್ಲೂರಿನ ಬಯಲಿನವಳು, ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವಳು. ಬಕೆಟ್ ಎತ್ತಿದ ಬಿಳಿಯ ಪ್ರವಾಸಿಯೊಬ್ಬನ ರೆಟ್ಟೆ ಹಿಡಿದು ನಿಲ್ಲಿಸಿದಳು.

“ಲೇ, ಚೆಲ್ಬ್ಯಾಡ ಕಣಪ್ಪಾ! ಯಾವುದಾದ್ರೂ ಗಿಡದ ಬುಡಕ್ಕಾದ್ರೂ ಹುಯ್ಯಿ!”

ಅವನು ನಕ್ಕು ಕೈಮುಗಿದು, ಅರ್ಧ ಬಕೆಟ್ಟನ್ನು ಅವಳ ಕಾಲ ಬುಡಕ್ಕೇ ಹುಯ್ದ.

ಓಂಕಾರೇಶನ ಸಂಭ್ರಮ ಹೇಳತೀರದು. ಯಾರ ಬಕೆಟ್ಟೋ, ಯಾರ ಚೊಂಬೋ, ಬಾಯಿ ಮೂಗಿಗೆಲ್ಲ ನೀರು ಹೊಕ್ಕರೂ ಹೊಟ್ಟೆ ಗುಂಡುಕಲ್ಲಿನಂತಿತ್ತು! “ನೋಡಯ್ಯಾ ಪ್ರಕಾಶ, ಇಲ್ಲಿ ನೀನ್ಯಾರು ಅಂತ ಯಾರೂ ಕೇಳಲ್ಲ. ನಮ್ಮ ದೇಶ ಯಾವಾಗಪ್ಪಾ ಹಿಂಗಾಗೋದು?” ಎಂದು ಒದ್ದೆ ಕೈಯಲ್ಲಿ ಪ್ರಕಾಶನನ್ನು ತಬ್ಬಿಕೊಂಡ.

ಪ್ರಕಾಶನ ಎದೆ ಉಬ್ಬಿತು. ಅರ್ಧ ಯುದ್ಧ ಗೆದ್ದಾಯಿತು! ಇನ್ನು ಉಳಿದದ್ದು ಅವ್ವನ ಅಂಗೈ.

ಮರುದಿನ ಬೆಳಿಗ್ಗೆ ವಿಹಾರದ ಅಂಗಳದಲ್ಲಿ ಊರಿನ ಹಿರಿಯರು ಕುರ್ಚಿಗಳಲ್ಲಿ ಸಾಲಾಗಿ ಕುಳಿತಿದ್ದರು. ಗೈಡ್ ಹುಡುಗಿ ಬಂದು, ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪ್ರಕಾಶ ಅವ್ವನನ್ನು ಎಳೆದುತಂದ.

“ಕುರ್ಚಿ ಯಾಕ್ಲಾ? ಇಲ್ಲೇ ಕೆಳಗೆ ಕೂತ್ಕತೀನಿ.”

“ಅವ್ವಾ, ಇವತ್ತು ನೀನು ಕೆಳಗೆ ಕೂತ್ರೆ ನನ್ನಾಣೆ!”

ಉಚ್ಚಂಗಮ್ಮ ಕುಳಿತಳು. ಥಾಯ್ ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಮಂಡಿಯೂರಿ, ಅವಳ ಬೆರಳಿಗೆ ತಮ್ಮ ಬೆರಳು ತಾಗುವಷ್ಟು ಹತ್ತಿರದಿಂದ, ಸಣ್ಣ ಬೆಳ್ಳಿ ಬಟ್ಟಲಲ್ಲಿ ಹೂವಿನ ನೀರು ಹಾಕಿದರು. ಅವಳು ಒದ್ದೆ ಕೈಯಿಂದಲೇ ಅವರ ತಲೆ ಸವರಿದಳು. “ಸುಖವಾಗಿರವ್ವಾ. ಕುಡೀದಿರೋ ಗಂಡ ಸಿಗ್ಲಿ.” ಹುಡುಗಿಯರಿಗೆ ಭಾಷೆ ತಿಳಿಯದಿದ್ದರೂ ಮುಖ ಅರಳಿತು.

ಪ್ರಕಾಶ ಓಂಕಾರೇಶನನ್ನು ಉಪಾಯವಾಗಿ ಸಾಲಿಗೆ ತಳ್ಳಿದ. ಪಂಕಜಾಕ್ಷಿ ಮೊಬೈಲ್ ಹಿಡಿದು ವೀಡಿಯೊ ಮಾಡತೊಡಗಿದಳು. ಬಟ್ಟಲು ಓಂಕಾರೇಶನ ಕೈಗೆ ಬಂತು. ಪ್ರಕಾಶ ತುದಿಗಾಲಲ್ಲಿ ನಿಂತ! ಇದೋ, ಪಟೇಲರ ಮೊಮ್ಮಗ ಬಗ್ಗುತ್ತಾನೆ, ಈಗ ಬಗ್ಗುತ್ತಾನೆ...

ಬಗ್ಗಲಿಲ್ಲ. ನೆಟ್ಟಗೆ ನಿಂತ. ಒಂದು ಹೆಜ್ಜೆ ಹಿಂದೆ ಸರಿದ. ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತಿ, ಮೇಲಿನಿಂದ ಸಣ್ಣಗೆ ಧಾರೆ ಬಿಟ್ಟ. ಬೇಕೆಂದು ಮಾಡಿದ್ದಲ್ಲ, ಅವನ ಮುಖ ಇನ್ನೂ ನಗುತ್ತಲೇ ಇತ್ತು. ಕೈ ತಾನಾಗಿ ಮೇಲಕ್ಕೆ ಹೋಗಿತ್ತು.

ಉಚ್ಚಂಗಮ್ಮನ ಮೈ ತಾನಾಗಿ ಕೆಳಕ್ಕೆ ಬಂತು. ಕುರ್ಚಿಯಿಂದ ಜಾರಿ ಕುಕ್ಕರಗಾಲಲ್ಲಿ ಕುಳಿತಳು. ತಲೆಗೆ ಸೆರಗು ಎಳೆದುಕೊಂಡಳು. ಬೊಗಸೆಯನ್ನು ಬಾಯಿಗೆ ಹಚ್ಚಿ ಗಟಗಟನೆ ಕುಡಿದಳು! ಮಲ್ಲಿಗೆ, ಗುಲಾಬಿ ಎಸಳು, ಅತ್ತರು ಸಮೇತ!

ಮದುವೆಯಾಗಿ ಬಂದ ಹೊಸದರಲ್ಲಿ ಊರ ಪಟೇಲರ ಬಾವಿಯ ಹತ್ತಿರ ಅವಳು ಕುಡಿದದ್ದೇ ಹೀಗೆ. ಯಾರಾದರೂ ಬಂದು ಸೇದಿ ಮೇಲಿನಿಂದ ಹುಯ್ಯುವವರೆಗೆ ಬಿಸಿಲಲ್ಲಿ ಕಾದು.

ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು! ಗೈಡ್ ಹುಡುಗಿ ಮೈಕು ಹಿಡಿದು ಓಡಿಬಂದಳು. “ಎಷ್ಟು ಸುಂದರ! ಇದು ನಿಮ್ಮ ಊರಿನ ಪದ್ಧತಿಯೇ? ಇದರ ಅರ್ಥ ಹೇಳಿ ಸರ್!”

ಪ್ರಕಾಶನಿಗೆ ಅರ್ಥ ಗೊತ್ತಿತ್ತು. ಇಂಗ್ಲಿಷೂ ಗೊತ್ತಿತ್ತು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಓಂಕಾರೇಶನ ಮುಖ ಸುಣ್ಣದ ಗೋಡೆಯಾಗಿತ್ತು. ಸುತ್ತ ನೂರಾರು ಜನ. ಕೆಮಿಸ್ಟ್ರಿ ಮೇಷ್ಟ್ರು ಮೈಕಿಗೆ ಬಗ್ಗಿ ಹೇಳಿದ: “ಇದು... ನಮ್ಮಲ್ಲಿ ಹಿರಿಯರನ್ನು ಗೌರವಿಸುವ ಪುರಾತನ ಸಂಪ್ರದಾಯ.”

ಮತ್ತೆ ಚಪ್ಪಾಳೆ! ಓಂಕಾರೇಶನ ಉಸಿರು ಮರಳಿತು. “ಚೆನ್ನಾಗಿ ಹೇಳ್ದೆ ಕಣಯ್ಯಾ. ಹಿಸ್ಟರಿ ಮೇಷ್ಟ್ರಾದ ನಂಗೂ ಇದು ಹೊಳೀತಿರ್ಲಿಲ್ಲ.”

“ಹಿಸ್ಟರಿ ಹೆಂಗೆ ಬರೀತಾರೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು,” ಎಂದಳು ಸಂಘಮಿತ್ರಾ. ಅತ್ತೆಯನ್ನು ಎತ್ತಿ ಕುರ್ಚಿಗೆ ಕೂರಿಸಿ ಕೇಳಿದಳು, “ಅತ್ತೆ, ಹೊಟ್ಟೆ ತೊಳಸ್ತಿದ್ಯಾ?”

“ಇಲ್ಲ ಕಣವ್ವಾ. ಊದುಬತ್ತಿ ನೆನೆ ಹಾಕಿದ್ ನೀರಿದ್ದಂಗದೆ ಅಷ್ಟೇ,” ಎಂದು ಉಚ್ಚಂಗಮ್ಮ ಹಲ್ಲಿಗೆ ಸಿಕ್ಕ ಗುಲಾಬಿ ಎಸಳನ್ನು ಬಿಡಿಸಿದಳು.

ಅನಾಹುತ ಅಲ್ಲಿಗೆ ನಿಲ್ಲಬೇಕಲ್ಲ! ಸಾಲಿನಲ್ಲಿದ್ದ ಥಾಯ್ ಮಕ್ಕಳಿಗೆಲ್ಲ ಇಂಡಿಯಾದ ಸಂಪ್ರದಾಯ ಭಾರಿ ಹಿಡಿಸಿಬಿಟ್ಟಿತು. ಒಬ್ಬ ಬಟ್ಟಲನ್ನು ಎದೆಗೆ ಎತ್ತಿದ. ಇನ್ನೊಬ್ಬಳು ತಲೆಯ ಮೇಲಕ್ಕೆ ಎತ್ತಿದಳು. ಮೊಮ್ಮಕ್ಕಳ ಆಸೆಗೆ ಅಜ್ಜನೊಬ್ಬ ಕುರ್ಚಿ ಬಿಟ್ಟು ಕುಕ್ಕರಗಾಲಲ್ಲಿ ಕುಳಿತು, ಮೇಲೇಳಲಾರದೆ, ಇಬ್ಬರು ಅವನನ್ನು ಚೀಲದಂತೆ ಎತ್ತಬೇಕಾಯಿತು. ನಿನ್ನೆಯ ಬಕೆಟ್ಟಿನ ಬಿಳಿಯನೂ ಬಂದು ಬೊಗಸೆಯೊಡ್ಡಿ ಕುಳಿತ! ಹಿರೇನಲ್ಲೂರಿನ ಬಾವಿಕಟ್ಟೆ ಹೂವು ಮುಡಿದು ವಿದೇಶಕ್ಕೆ ಬಂದಿತ್ತು.

ಪ್ರಕಾಶನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಗೈಡ್ ಹುಡುಗಿ ಅವನ ಕೈಗೂ ಬಟ್ಟಲು ಕೊಟ್ಟಳು. ಈಗ ಮಗನ ಸರದಿ. ಸರಿ, ಇದೊಂದನ್ನಾದರೂ ನೆಟ್ಟಗೆ ಮಾಡುತ್ತೇನೆ, ಅವ್ವನ ಕಾಲ ಬಳಿ ಕುಳಿತು, ಕೈಗೆ ಕೈ ತಾಗಿಸಿ ಹಾಕುತ್ತೇನೆ ಎಂದು ಮುಂದೆ ಬಂದ.

“ಸರ್, ಸರ್! ನಿಮ್ಮ ಊರಿನ ಹಾಗೆ! ಎತ್ತರದಿಂದ!” ಎಂದಳು ಹುಡುಗಿ. ಹತ್ತಾರು ಮೊಬೈಲುಗಳು ಅವನತ್ತ ತಿರುಗಿದವು. “ಹಾಕಯ್ಯಾ, ಹೇಳಿದ್ದು ನೀನೇ ಅಲ್ವಾ?” ಎಂದ ಓಂಕಾರೇಶ. ಪ್ರಕಾಶ ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು.

ಅವನ ಕೈ ನಿಧಾನವಾಗಿ ಮೇಲೇರಿತು. ಧಾರೆ ಬಿತ್ತು.

ಈ ಸಲ ಉಚ್ಚಂಗಮ್ಮ ಕುರ್ಚಿಯಿಂದ ಇಳಿಯಲಿಲ್ಲ. ಬೊಗಸೆಯನ್ನೂ ಒಡ್ಡಲಿಲ್ಲ. ನೀರೆಲ್ಲ ಅವಳ ಮಡಿಲಿಗೆ ಬಿದ್ದು ಸೀರೆ ನೆನೆಯಿತು. ಅವಳು ತಲೆಯೆತ್ತಿ ಮಗನ ಕೈಯನ್ನು, ಆಮೇಲೆ ಮುಖವನ್ನು ನೋಡಿದಳು.

“ಕೈ ಇಳ್ಸು ಕಣ್ಲಾ. ನೀನ್ಯಾವಾಗ ಪಟೇಲ್ರ ಮನೇಲಿ ಹುಟ್ದೆ?”

ಗೈಡ್ ಹುಡುಗಿ ಸಂಭ್ರಮದಿಂದ ಮೈಕನ್ನು ಪ್ರಕಾಶನ ಬಾಯಿಗೆ ಹಿಡಿದಳು. “ಅಮ್ಮ ಏನೆಂದು ಹರಸಿದರು, ಸರ್?”