ಗಡ್ಡದಜ್ಜನ ಬಾಟ್ಲಿ

ಈಶಪ್ಪನ ಹಿತ್ತಲ ಹೊಟ್ಟಿನ ಕೋಣೆಯಲ್ಲಿ ಮೂರು ವಿಸ್ಕಿ ಬಾಟಲಿಗಳಿದ್ದವು. ಒಂದೇ ಇದ್ದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ.

ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಏಳುತ್ತಿದ್ದ ಕಾಲ ಅದು. ಕಂಪನಿಯ ಪರದೇಶಿ ಇಂಜಿನಿಯರ್ ಒಬ್ಬ ಈಶಪ್ಪನ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ. ಹೊರಡುವ ದಿನ ಈಶಪ್ಪನ ಹೆಂಡತಿ ಕಳಕವ್ವನ ಕೈಯ ಎಣ್ಣೆಗಾಯಿ ಉಂಡು ಕಣ್ಣಲ್ಲಿ ನೀರು ತಂದುಕೊಂಡ. ಅದು ಪ್ರೀತಿಯದೋ ಖಾರದ್ದೋ ತಿಳಿಯುವ ಮೊದಲೇ ಮೂರು ಬಾಟಲಿ ಕೈಗಿತ್ತು ಜೀಪು ಹತ್ತಿದ. ಗೋಧಿಯ ದಾಯಾದಿಯಂಥ ರೈ ಎಂಬ ಕಾಳಿನಿಂದ ಇಳಿಸಿದ್ದು, ಮೂರೂ ಬೇರೆ ಬೇರೆ ಊರಿನವು ಎಂದು ಡ್ರೈವರ್ ವಿವರಿಸಿದ. ಜನ್ಮದಲ್ಲಿ ಹನಿ ಮುಟ್ಟದ ಈಶಪ್ಪ ಅವನ್ನು ಹೊಟ್ಟಿನಲ್ಲಿ ಹುಗಿದು, ಹೆಂಡತಿ ಕೇಳಿದಾಗ ಫ್ಯಾನಿಗೆ ಹಾಕುವ ಎಣ್ಣೆ ಎಂದುಬಿಟ್ಟಿದ್ದ. ಕಳಕವ್ವ ನಂಬಿದ್ದಳು. ಅಷ್ಟು ದೊಡ್ಡ ಫ್ಯಾನು ಎಣ್ಣೆಯಿಲ್ಲದೆ ತಿರುಗೀತೆ?

ಈಗ ಅವು ಬೇಕಾಗಿದ್ದವು. ಮಗಳು ಅನ್ನಪೂರ್ಣೇಶ್ವರಿಯನ್ನು ನರೇಗಲ್ಲಿನ ನಿವೃತ್ತ ಸುಬೇದಾರ ಗುರುಸಂಗಪ್ಪನ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ಒಪ್ಪಿದ್ದ. ಹುಡುಗಿಯಂತೂ ದಿನಾ ಬೆಳಿಗ್ಗೆ ನರೇಗಲ್ ಕಡೆ ಮಳೆಯಾಯಿತೇ ಎಂದು ವಿಚಾರಿಸತೊಡಗಿದ್ದಳು. ಅಲ್ಲಿ ಇವರಿಗೆ ಗೇಣು ಹೊಲವೂ ಇರಲಿಲ್ಲ. ಸುಬೇದಾರ ಮಾತ್ರ ಎರಡು ಸಲ ಬಂದು, ಹೋಳಿಗೆ ಉಂಡು, "ನೋಡೂಣು" ಎಂದು ಎದ್ದುಹೋಗಿದ್ದ. ಇಂದು ಸಂಜೆ ಕಡೆಯ ಮಾತು ಹೇಳಲು ಬರುವವನಿದ್ದ.

ಸಂಬಂಧ ಕುದುರಿಸಲು ನಡುವೆ ನಿಂತ ಅಯ್ಯಪ್ಪ ಒಂದು ಗುಟ್ಟು ತಂದಿದ್ದ. ಸುಬೇದಾರನ ನಾಲಿಗೆ ಮಿಲಿಟರಿಯಲ್ಲಿ ಪಳಗಿದ್ದು. ಬೆಳವಣಕಿಯ ಒಂದು ಮನೆಯಲ್ಲಿ ಕಳಪೆ ಸರಕು ಇಟ್ಟರೆಂದು ಎಲೆ-ಅಡಿಕೆ ಕೂಡ ಮುಟ್ಟದೆ ಎದ್ದುಬಂದಿದ್ದನಂತೆ.

"ಚಲೋದೊಂದು ಇಟ್ಟಿ ಅಂದ್ರ ಮದಿವಿ ಆತಂತ ತಿಳಿ," ಎಂದ ಅಯ್ಯಪ್ಪ.

"ಮೂರರಾಗ ಚಲೋದು ಯಾವ್ದಪಾ?"

"ಅದು ರುಚಿ ನೋಡಿದ ಮ್ಯಾಲೆ ತಿಳಿಯೂ ಮಾತು," ಎಂದು ಅಯ್ಯಪ್ಪ ಉಗುಳು ನುಂಗಿದ.

ಮೂರನ್ನೂ ಇಟ್ಟುಬಿಡೋಣವೆಂದರೆ, ಮೊದಲ ಗುಟುಕೇ ಕೆಟ್ಟದ್ದಾದರೆ ಸುಬೇದಾರ ಎರಡನೆಯದಕ್ಕೆ ಕೂಡಬೇಕಲ್ಲ. ಹೀಗಾಗಿ ಮಧ್ಯಾಹ್ನದ ಊಟವಾದ ಮೇಲೆ ಹೊಟ್ಟಿನ ಕೋಣೆಯಲ್ಲಿ ಪರೀಕ್ಷೆ ಏರ್ಪಟ್ಟಿತು. ಪರೀಕ್ಷಕರು ಇಬ್ಬರು: ಅಯ್ಯಪ್ಪ ಮತ್ತು ದನದ ವ್ಯಾಪಾರಿ ಕೊಟ್ರೇಶ. ಇವರು ಒಬ್ಬ ಹಗಲೆಂದರೆ ಇನ್ನೊಬ್ಬ ಕಂದೀಲು ಹಚ್ಚುವವರು. ಅದಕ್ಕೇ ಈಶಪ್ಪ ದನದ ದಲಾಲ ಉಸ್ಮಾನಸಾಬನನ್ನು ಕರೆಸಿದ್ದ. ಅವನು ಕುಡಿಯುವವನಲ್ಲ, ಸುಳ್ಳು ಹೇಳುವವನೂ ಅಲ್ಲ. ಸಂತೆಯಲ್ಲಿ ಎತ್ತಿನ ದರ ಮಾಡುವಂತೆ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಕೈಮೇಲೆ ಹೊದಿಸಿಕೊಂಡು ಕುಳಿತ. ರುಚಿ ನೋಡಿದವರು ವಲ್ಲಿಯ ಕೆಳಗೆ ಅವನ ಬೆರಳು ಹಿಡಿಯಬೇಕು. ಹೆಚ್ಚು ಬೆರಳು ಹಿಡಿದಷ್ಟೂ ಹೆಚ್ಚು ಮಾರ್ಕು. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದು. ವಲ್ಲಿಯ ಕೆಳಗೆ ಹಿಡಿದ ಕೈಯ ಮಾತನ್ನು ಆ ಸೀಮೆಯಲ್ಲಿ ಯಾರೂ ತಿರುಗಿಸಿದ್ದಿಲ್ಲ.

ಚೀಟಿಯ ಮೇಲಿನ ಚಿತ್ರ ನೋಡಿ ಬಾಟಲಿಗಳಿಗೆ ಹೆಸರಿಟ್ಟರು: ಕುದುರೆ, ಹಕ್ಕಿ, ಗಡ್ಡದಜ್ಜ.

ಕುದುರೆ ಕುಡಿದ ಕೊಟ್ರೇಶ, ಹೊಸ ಮಂಚ ನೆಕ್ಕಿದಂತಾಯಿತು ಎಂದ. ಹಕ್ಕಿಯಲ್ಲಿ ತಳ ಹೊತ್ತಿದ ರೊಟ್ಟಿಯ ವಾಸನೆಯಿದೆ ಎಂದ ಅಯ್ಯಪ್ಪ. ಗಡ್ಡದಜ್ಜ ಗಂಟಲಿಗಿಳಿದಾಗ ಇಬ್ಬರೂ ಖಾಲಿ ಗ್ಲಾಸನ್ನು ಮತ್ತೆ ಮುಂದೆ ಹಿಡಿದರು. ಕರಿಮೆಣಸು ಕುಟ್ಟಿ ಜೇನಿನಲ್ಲಿ ಕಲಸಿ, ಮೇಲೆ ಕೆಂಡ ಇಟ್ಟಂತಿತ್ತು ಅದು. ಆದರೆ ನಡುನಡುವೆ ಬಾಯಿ ತೊಳೆಯಲೆಂದು ಈಶಪ್ಪ ತರಿಸಿದ್ದ ಮಿರ್ಚಿ ಭಜಿಯೇ ಕೆಲಸ ಕೆಡಿಸಿತು. ಎರಡನೆಯ ಸುತ್ತಿನಲ್ಲಿ ಮೂರಕ್ಕೂ ಮೆಣಸಿನಕಾಯಿಯ ರುಚಿ ಬಂತು. ಮೂರನೆಯ ಸುತ್ತು ಅನಿವಾರ್ಯವಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮಾಸ್ತರ ಶಿವನಪ್ಪನ ಮೂಗು ಹಿತ್ತಲ ಗೋಡೆಯ ಮೇಲೆ ಕಾಣಿಸಿತು, ಹಿಂದೆಯೇ ಅವನೂ ಕಾಣಿಸಿದ. ಅವನ ಬಾಯಿಗೆ ಸುದ್ದಿ ಬಿದ್ದರೆ ಅದು ಬಸ್ಸಿಗಿಂತ ಮೊದಲು ರೋಣ ಮುಟ್ಟುತ್ತಿತ್ತು. ಆ ಬಾಯಿ ಮುಚ್ಚಿಸಲು ಅವನನ್ನೂ ಪರೀಕ್ಷಕನನ್ನಾಗಿ ಮಾಡಬೇಕಾಯಿತು. ಅವಸರದ ತೀರ್ಮಾನ ಸಲ್ಲದೆಂದು ಮಾಸ್ತರ ಮೊದಲಿನಿಂದ ಶುರುಮಾಡಿಸಿದ.

"ಸ್ವಲ್ಪ ಸ್ವಲ್ಪ ನೋಡ್ರ್ಯೋ," ಎಂದು ಈಶಪ್ಪ ಕೈಮುಗಿದ.

"ಎತ್ತು ಕೊಳ್ಳಾಕ ಬಾಲ ಅಷ್ಟ ನೋಡಿ ಬರ್ತಾರೇನ?" ಎಂದ ಕೊಟ್ರೇಶ.

ಕೊನೆಗೆ ಮೂವರೂ ಒಬ್ಬರಾದ ಮೇಲೊಬ್ಬರು ವಲ್ಲಿಯ ಕೆಳಗೆ ಕೈಹಾಕಿ ಐದೂ ಬೆರಳು ಹಿಡಿದು ಕಣ್ಣುಮುಚ್ಚಿದರು. ಉಸ್ಮಾನಸಾಬ ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ಈಶಪ್ಪಣ್ಣ, ಗಡ್ಡದಜ್ಜ ಗೆದ್ದಾನ. ಆದ್ರ ಅಂವ ಈಗಿಲ್ಲ."

ಈಶಪ್ಪ ಬಾಟಲಿ ಎತ್ತಿ ತಲೆಕೆಳಗೆ ಮಾಡಿದ. ಒಂದು ಹನಿ ಬಿತ್ತು, ಅದೂ ಅಯ್ಯಪ್ಪನ ಅಂಗೈಗೆ. ಉಳಿದೆರಡರಲ್ಲಿ ತಳಕ್ಕಷ್ಟೇ ಇತ್ತು. ಅದೇ ಹೊತ್ತಿಗೆ ಅಯ್ಯಪ್ಪನ ಮೊಬೈಲು ಹೊಡೆದುಕೊಂಡಿತು. ಸುಬೇದಾರ ನರೇಗಲ್ ಬಿಟ್ಟು ಆಗಲೇ ಬಹಳ ಹೊತ್ತಾಗಿತ್ತು. ಮಾತು ಮುಗಿಯುವುದರೊಳಗೆ ಓಣಿಯ ತುದಿಯಲ್ಲಿ ಬುಲೆಟ್ ಗಾಡಿಯ ಸದ್ದು ಕೇಳಿಸಿತು.

ಮಗಳ ಮುಖ ಕಣ್ಣಮುಂದೆ ಬಂದು ಈಶಪ್ಪನಿಗೆ ದಿಕ್ಕು ತೋಚಲಿಲ್ಲ. ಕುದುರೆಯನ್ನೂ ಹಕ್ಕಿಯನ್ನೂ ಗಡ್ಡದಜ್ಜನ ಬಾಟಲಿಗೆ ಸುರಿದ. ಅರ್ಧವೂ ತುಂಬಲಿಲ್ಲ. ಬಾಗಿಲ ಬಳಿ, ಹೊಟ್ಟೆ ಉಬ್ಬಿದ ಎತ್ತಿಗೆಂದು ಕಳಕವ್ವ ಬೆಳಿಗ್ಗೆ ಕಾಸಿಟ್ಟ ಕಷಾಯದ ಗಡಿಗೆ ಇತ್ತು: ಶುಂಠಿ, ಅಜವಾನ, ಇಂಗು, ಬೆಲ್ಲ. ಬಣ್ಣ ಥೇಟ್ ಹೊಂದುತ್ತಿತ್ತು. ಉಸ್ಮಾನಸಾಬ ಆ ಕಡೆ ಮುಖ ತಿರುಗಿಸಿ ಕುಳಿತ. ಈಶಪ್ಪ ಬಾಟಲಿಯ ಕತ್ತಿನವರೆಗೆ ಸುರಿದು ಬಿರಡೆ ಒತ್ತಿದ.

ಮಾಳಿಗೆ ಕೋಣೆಯಲ್ಲಿ ಈಶಪ್ಪ, ಅಯ್ಯಪ್ಪ, ಉಸ್ಮಾನಸಾಬರ ಎದುರು ಕುಳಿತ ಸುಬೇದಾರ ಮೀಸೆ ತೀಡುತ್ತ ಬಾಟಲಿಯ ಚೀಟಿ ಓದಿದ, ಗ್ಲಾಸು ಬೆಳಕಿಗೆ ಹಿಡಿದ, ಮೂಸಿದ. ಶೇಂಗಾದ ತಟ್ಟೆ ಹಿಡಿದು ಬಂದ ಕಳಕವ್ವ, ಬೀಗರಾಗಬೇಕಾದವರು ಫ್ಯಾನಿನ ಎಣ್ಣೆಯನ್ನು ಬಾಯಿಗೆತ್ತುವುದನ್ನು ಕಂಡು ಬಾಗಿಲಲ್ಲೇ ಕಂಬವಾದಳು. ಮಾತಾಡಿದರೆ ಸಂಬಂಧ ಮುರಿದೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸುಬೇದಾರ ಒಂದು ಗುಟುಕು ನುಂಗಿ ಕಣ್ಣುಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. ಅಯ್ಯಪ್ಪ ನಾಡಿ ಹಿಡಿದು ನೋಡಬೇಕೆನ್ನುವಷ್ಟರಲ್ಲಿ ದೀರ್ಘವಾದ, ನೆಮ್ಮದಿಯ ತೇಗು ಬಂತು.

"ಕಾಶ್ಮೀರದಿಂದ ನಾಗಾಲ್ಯಾಂಡ್ ತನಕ ಕುಡದೇನ್ರಿ. ಇಂಥಾದ್ದು ಕುಡದಿಲ್ಲ. ಒಳಗಿಂದೆಲ್ಲ ಹಗುರಾತು." ಇನ್ನೊಂದು ಗ್ಲಾಸು ಮುಂದೆ ನೂಕಿದ. ಅದೂ ಇಳಿದ ಮೇಲೆ, "ಹುಡಿಗಿ ನಮ್ಮಾಕಿ," ಎಂದ.

ಕೆಳಗೆ ಅನ್ನಪೂರ್ಣೇಶ್ವರಿಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಈಶಪ್ಪನ ಕಣ್ಣು ತುಂಬಿ ಬಂತು. ಆಗ ಸುಬೇದಾರ ಉಸ್ಮಾನಸಾಬನ ಹೆಗಲಿನ ವಲ್ಲಿ ಎಳೆದುಕೊಂಡು ಈಶಪ್ಪನ ಕೈಮೇಲೆ ಹೊದಿಸಿ, ಕೆಳಗಿನಿಂದ ಗಟ್ಟಿಯಾಗಿ ಹಿಡಿದ.

"ಒಂದ ಮಾತು ಬೀಗರ. ನಮ್ಮ ಪಲ್ಟಣದವ್ರೆಲ್ಲ ಮದಿವಿಗೆ ಬರ್ತಾರ. ಅವ್ರ ಮುಂದ ಇದನ್ನ ಇಡಬೇಕು. ಬ್ಯಾರೇದಿಟ್ರ ನನಗ ಒಂದ ಗುಟುಕಿಗೆ ತಿಳೀತದ. ಅವತ್ತ ನಾ ಅಕ್ಷತಿಗೆ ನಿಂದ್ರೂದಿಲ್ಲ."

ಸಂತೋಷದ ಭರದಲ್ಲಿ ಈಶಪ್ಪನ ಐದೂ ಬೆರಳು ತಾವಾಗಿಯೇ ಮರಳಿ ಹಿಡಿದುಬಿಟ್ಟಿದ್ದವು. ದಲಾಲನ ಎದುರು ಆದ ವ್ಯವಹಾರ. ಉಸ್ಮಾನಸಾಬ ನಿಟ್ಟುಸಿರು ಬಿಟ್ಟ.

ಬುಲೆಟ್ಟಿನ ಸದ್ದು ದೂರವಾದ ಮೇಲೆ ಈಶಪ್ಪ ಉಸ್ಮಾನಸಾಬನ ಜತೆ ಕೊಟ್ಟಿಗೆಗೆ ಬಂದ. ಔಷಧಿಗೆ ಕಾದು ಕಾದು ಬೇಸತ್ತ ಎತ್ತು ತಾನಾಗಿಯೇ ಗುಣವಾಗಿ ಮೆಲುಕು ಹಾಕುತ್ತ ಮಲಗಿತ್ತು. ಪಕ್ಕದಲ್ಲಿ ಕಳಕವ್ವ ಖಾಲಿ ಗಡಿಗೆ ಹಿಡಿದು ನಿಂತಿದ್ದಳು.

"ಫ್ಯಾನಿನ ಎಣ್ಣಿ ಕುಡದ್ರೂ ಬೀಗರಿಗೆ ಏನೂ ಆಗಲಿಲ್ಲಲ್ರಿ. ಮಿಲಿಟರಿ ಹೊಟ್ಟಿ," ಎಂದಳು.

ಈಶಪ್ಪ ದನಿ ತಗ್ಗಿಸಿದ. "ಕಳಕವ್ವ, ಈ ಕಷಾಯಕ್ಕ ಯಾವ್ಯಾವ್ದು ಎಷ್ಟೆಷ್ಟು ಹಾಕಿದ್ದಿ?"

"ಕೈಗೆ ಬಂದಷ್ಟು ಹಾಕೇನ್ರಿ. ಎತ್ತಿನ ಔಷಧಕ್ಕ ಯಾರು ಅಳತಿ ಮಾಡ್ತಾರ?"

ಈಶಪ್ಪ ಗೋದಲಿಯ ಅಂಚಿಗೆ ಕುಸಿದು ಕುಳಿತ. ಗೋಡೆಯ ಆಚೆ ಕೊಟ್ರೇಶ, ಅಯ್ಯಪ್ಪ, ಮಾಸ್ತರ ಮೂವರ ತಲೆಗಳೂ ಸಾಲಾಗಿ ಎದ್ದವು.

"ಕಾಸಿ ನೋಡ್ರಿ ವೈನಿ," ಎಂದ ಕೊಟ್ರೇಶ ಗಂಭೀರವಾಗಿ, "ಕುದರಿ, ಹಕ್ಕಿ ಎಲ್ಲಿಂದರ ಹುಡಿಕಿಸಿ ತರೂಣು. ರುಚಿ ಸರಿ ಆತೋ ಇಲ್ಲೋ ನಾವು ಹೇಳ್ತೀವಿ. ಮದಿವಿಗೆ ಇನ್ನ ಭಾಳ ದಿನ ಐತಿ."

ಉಸ್ಮಾನಸಾಬ ವಲ್ಲಿಯನ್ನು ಮಡಿಚಿ ಈಶಪ್ಪನ ಮಡಿಲಲ್ಲಿಟ್ಟು, "ಇನ್ನ ಇದು ನಿಮಗ ದಿನಾ ಬೇಕಾಗ್ತದ," ಎಂದು ಮನೆಯ ಹಾದಿ ಹಿಡಿದ.